ಶೇಕಡಾ ಒಳಗೆ ಕೂತಿರುವ ನೂರು

ಎಲ್ಲರಿಗೂ ನಮಸ್ಕಾರ.

ಬೋರ್ಡಿನ ಮೇಲೆ ಎರಡು ಸಂಖ್ಯೆ ಬರೆದಿದ್ದೇನೆ, ನೋಡಿ. ಎಡಗಡೆ 0.9. ಬಲಗಡೆ 0.9%. ನೋಡೋಕೆ ಹೆಚ್ಚು ಕಡಿಮೆ ಒಂದೇ ಥರ ಇವೆ. ಆದರೆ ಎಡಗಡೆಯದು ಬಲಗಡೆಯದಕ್ಕಿಂತ ನೂರು ಪಟ್ಟು ದೊಡ್ಡದು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಸಲೈನ್ ಬಾಟಲಿಯನ್ನು ನೆನಪಿಸಿಕೊಳ್ಳಿ. ಅದರ ಮೇಲೆ 0.9% ಅಂತ ಇರುತ್ತದೆ. 100 ಮಿಲಿಲೀಟರಿಗೆ 0.9 ಗ್ರಾಂ ಉಪ್ಪು, ಅಂದರೆ ಲೀಟರಿಗೆ 9 ಗ್ರಾಂ. ಆ ಚಿಹ್ನೆಯನ್ನು ಬಿಟ್ಟು ಬರೀ 0.9 ಅಂತ ಓದಿ ಒಂದು ಲೀಟರಿಗೆ, ಅಂದರೆ 1000 ಗ್ರಾಂ ನೀರಿಗೆ, ಲೆಕ್ಕ ಹಾಕಿದರೆ ಎಷ್ಟು ಬರುತ್ತದೆ? 900 ಗ್ರಾಂ! ಒಂದು ಲೀಟರ್ ನೀರಿನಲ್ಲಿ ಅಷ್ಟು ಉಪ್ಪು ಕರಗೋದೂ ಇಲ್ಲ.

ಇಲ್ಲಿ ಜನ ಎಡವೋದಕ್ಕೆ ಒಂದು ಕಾರಣ ಇದೆ. 0.9ರಲ್ಲಿ ಆಗಲೇ ಒಂದು ಬಿಂದು ಇದೆಯಲ್ಲ, ಹಾಗಾಗಿ ಇದು ದಶಾಂಶ ಸಂಖ್ಯೆಯೇ, ಬದಲಿಸೋದೇನೂ ಇಲ್ಲ ಅಂತ ಮನಸ್ಸು ಸುಮ್ನೆ ಒಪ್ಪಿಕೊಂಡುಬಿಡುತ್ತದೆ. ಬಿಂದು ಇದ್ದರೂ, ಇಲ್ಲದಿದ್ದರೂ, % ಕಂಡರೆ ನೂರರಿಂದ ಭಾಗಿಸಬೇಕು. ಅಷ್ಟೇ ಅದರ ಅರ್ಥ. 0.9 ಭಾಗಿಸು 100, ಅಂದರೆ 0.009.

ನಮಗೆ ಶಾಲೆಯಲ್ಲಿ ಏನು ಹೇಳಿಕೊಡುತ್ತಾರೆ? ‘ಬಿಂದುವನ್ನು ಎರಡು ಮನೆ ಎಡಕ್ಕೆ ಸರಿಸಿ’ ಅಂತ. ಸೂತ್ರ ಸರಿಯಾಗಿದೆ. ಆದರೆ ಬರೀ ಬಾಯಿಪಾಠ ಮಾಡಿದವರು ಆರು ತಿಂಗಳ ಮೇಲೆ ಎಡಕ್ಕೋ ಬಲಕ್ಕೋ ಅಂತ ಒದ್ದಾಡುತ್ತಾರೆ. ಅದಕ್ಕೇ ನಾನು ಸೂತ್ರಕ್ಕಿಂತ ಮಾತನ್ನು ಜಾಸ್ತಿ ನಂಬುತ್ತೇನೆ. 7% ಕಂಡರೆ ‘ನೂರಕ್ಕೆ ಏಳು’ ಅಂತ ಗಟ್ಟಿಯಾಗಿ ಹೇಳಿ. ನೂರರಲ್ಲಿ ಏಳು, ಅಂದರೆ 7/100. ಬಿಂದುವಿನ ಪಕ್ಕದ ಮೊದಲ ಮನೆ ಹತ್ತನೇ ಒಂದು ಭಾಗದ್ದು, ಎರಡನೆಯದು ನೂರನೇ ಒಂದು ಭಾಗದ್ದು. ಏಳು ಕೂರಬೇಕಾದ್ದು ಎರಡನೇ ಮನೆಯಲ್ಲಿ. ಮೊದಲ ಮನೆ ಖಾಲಿ, ಅಲ್ಲಿಗೆ ಸೊನ್ನೆ: 0.07. ಆ ಸೊನ್ನೆಯನ್ನು ಮರೆತು 0.7 ಅಂತ ಬರೆದವರು ಏಳು ಪರ್ಸೆಂಟನ್ನು ಎಪ್ಪತ್ತು ಮಾಡಿಬಿಟ್ಟಿರುತ್ತಾರೆ. ಉತ್ತರಪತ್ರಿಕೆ ತಿದ್ದುವಾಗ ನಾನು ಅತಿ ಹೆಚ್ಚು ನೋಡಿರುವ ತಪ್ಪು ಇದೇ.

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ನಾವು ‘ಶೇಕಡಾ 21’ ಅಂತ ಹೇಳುತ್ತೇವೆ, ಪತ್ರಿಕೆಗಳಲ್ಲಿ ‘ಶೇ 21’ ಅಂತ ಬರೆಯುತ್ತಾರೆ. ಸಂಖ್ಯೆ ಬರುವ ಮೊದಲೇ ನೂರರ ಮಾತು ಕಿವಿಗೆ ಬಿದ್ದಿರುತ್ತದೆ. ‘ನೂರಕ್ಕೆ ನೂರು ನಿಜ’ ಅಂತೀವಲ್ವಾ? ಅದೂ ಇದೇ ಲೆಕ್ಕ. ನೂರಕ್ಕೆ ನೂರು ಅಂದರೆ 100/100, ಅಂದರೆ 1. ಪೂರ್ತಿ ಒಂದು.

ಇದನ್ನು ಹಿಡಿದುಕೊಂಡರೆ ಹಿಮ್ಮುಖ ಲೆಕ್ಕವೂ ತಾನಾಗಿ ಬರುತ್ತದೆ. 0.35ನ್ನು ಶೇಕಡಾ ಮಾಡಬೇಕು. ಯಾವ ಸಂಖ್ಯೆಯನ್ನಾದರೂ 1ರಿಂದ ಗುಣಿಸಿದರೆ ಅದು ಬದಲಾಗೋದಿಲ್ಲ. 100% ಅಂದರೂ 1 ತಾನೇ? ಹಾಗಾಗಿ 0.35ನ್ನು 100%ನಿಂದ ಗುಣಿಸಿದರೆ 35%. ಬೆಲೆ ಅದೇ ಉಳಿಯಿತು, ಬರೆಯುವ ರೀತಿ ಮಾತ್ರ ಬದಲಾಯಿತು. 1.25 ಆದರೆ 125%. ಒಂದಕ್ಕಿಂತ ದೊಡ್ಡದೆಲ್ಲ ನೂರು ಪರ್ಸೆಂಟ್ ದಾಟುತ್ತದೆ, ಅದರಲ್ಲಿ ಹೆದರುವಂಥದ್ದೇನಿಲ್ಲ. ಇನ್ನೊಂದು ಎಚ್ಚರ: ‘ಅರ್ಧ’ ಅಂದರೆ 0.5, ‘ಅರ್ಧ ಪರ್ಸೆಂಟ್’ ಅಂದರೆ 0.005.

ನಾವು ಉಸಿರಾಡುವ ಗಾಳಿಯನ್ನೇ ತೆಗೆದುಕೊಳ್ಳಿ. ತೇವ ಇಲ್ಲದ ಗಾಳಿಯಲ್ಲಿ ಸುಮಾರು 78% ಸಾರಜನಕ, 21% ಆಮ್ಲಜನಕ, 0.93% ಆರ್ಗಾನ್. ಇಂಗಾಲದ ಡೈಆಕ್ಸೈಡ್ ಬರೀ 0.04%ರಷ್ಟು. ದಶಾಂಶದಲ್ಲಿ ಇವು 0.78, 0.21, 0.0093, 0.0004. ಕೊನೆಯದನ್ನು ಕೇಳಿದ ಕೂಡಲೇ ಮನಸ್ಸಿಗೆ ಹಿಡಿಯೋದು ಕಷ್ಟ. ಹೋಲಿಸಿ ಹೇಳೋಕೆ ಶೇಕಡಾ ವಾಸಿ.

ಯುರೋಪಿನ ವ್ಯಾಪಾರಿಗಳು ಶೇಕಡಾ ಹಿಡಿದುಕೊಂಡಿದ್ದೂ ಹೋಲಿಕೆಗೇ. 3/8 ದೊಡ್ಡದೋ 2/5 ದೊಡ್ಡದೋ ಅಂತ ಥಟ್ಟನೆ ಹೇಳೋಕಾಗಲ್ಲ. ನೂರಕ್ಕೆ 37.5, ನೂರಕ್ಕೆ 40 ಅಂದರೆ ಮುಗಿಯಿತು. % ಅನ್ನೋ ಗುರುತು ಹುಟ್ಟಿದ್ದು ಇಟಲಿಯವರ ಬರವಣಿಗೆಯಲ್ಲಿ. ‘ಪೆರ್ ಚೆಂತೊ’, ಅಂದರೆ ನೂರಕ್ಕೆ, ಅನ್ನೋದನ್ನು ಕೈಬರಹದಲ್ಲಿ ಚಿಕ್ಕದು ಮಾಡುತ್ತಾ ಮಾಡುತ್ತಾ ಕೊನೆಗೆ ಎರಡು ಸೊನ್ನೆ, ಒಂದು ಗೆರೆ ಉಳಿಯಿತು. ದಶಾಂಶದಲ್ಲಿ ಲೆಕ್ಕ ಮಾಡೋದನ್ನು ಗಣಿತಜ್ಞ ಸೈಮನ್ ಸ್ಟೆವಿನ್ ಒಂದು ಪುಟ್ಟ ಪುಸ್ತಕ ಬರೆದು ಯುರೋಪಿನ ಜನರಿಗೆ ತಿಳಿಸಿಕೊಟ್ಟದ್ದು 1585ರಲ್ಲಿ.

ಹೋಲಿಕೆಗೆ ಶೇಕಡಾ, ಸರಿ. ಆದರೆ ಲೆಕ್ಕಕ್ಕೆ ಕೂತಾಗ ದಶಾಂಶಕ್ಕೆ ಬದಲಿಸಿಕೊಳ್ಳಿ. ಸ್ಪ್ರೆಡ್‌ಶೀಟ್ ಕೂಡ ಒಳಗೆ ಹಾಗೇ ಮಾಡುತ್ತದೆ. 0.18 ಇರುವ ಮನೆಯನ್ನು ಪರ್ಸೆಂಟ್ ರೂಪಕ್ಕೆ ಬದಲಿಸಿದರೆ 18% ಅಂತ ತೋರಿಸುತ್ತದೆ. ಮೊದಲೇ 18 ಅಂತ ಬರೆದಿಟ್ಟು ಆಮೇಲೆ ಬದಲಿಸಿದರೆ 1800% ಅಂತ ತೋರಿಸುತ್ತದೆ. ಕಂಪ್ಯೂಟರ್ ಕೆಟ್ಟಿಲ್ಲ. 18 ಅಂದರೆ ನಿಜವಾಗಿಯೂ 1800%.

ಒಂದು ಸಂಖ್ಯೆ 10% ಏರಿತು, ಆಮೇಲೆ 10% ಇಳಿಯಿತು. ಮೊದಲಿನಷ್ಟೇ ಆಯಿತು ಅಂತ ತುಂಬಾ ಜನ ಹೇಳುತ್ತಾರೆ. ದಶಾಂಶದಲ್ಲಿ ಬರೆಯಿರಿ. ಏರಿಕೆ ಅಂದರೆ 1.1ರಿಂದ ಗುಣಿಸೋದು, ಇಳಿಕೆ ಅಂದರೆ 0.9ರಿಂದ. ಎರಡೂ ಸೇರಿ 0.99. ಮೊದಲಿಗಿಂತ 1% ಕಡಿಮೆ!

ಕೊನೆಯದಾಗಿ, ಪೆನ್ನು ಇದ್ದವರು ಬರೆದುಕೊಳ್ಳಿ. ಒಂದು ಸಂಖ್ಯೆ 20% ಏರಿ 240 ಆಗಿದೆ. ಮೊದಲು ಎಷ್ಟಿತ್ತು? 240ರಲ್ಲಿ 20% ಕಳೆದರೆ 192 ಬರುತ್ತದೆ. ಸರಿಯೋ ತಪ್ಪೋ ತಾಳೆ ನೋಡಿ: 192ನ್ನು 1.2ರಿಂದ ಗುಣಿಸಿದರೆ 230.4. ಹೊಂದಲಿಲ್ಲ. ಏರಿದ್ದು 1.2ರಿಂದ ಗುಣಿಸಿ ಅಂದಮೇಲೆ ವಾಪಸ್ ಬರೋದು 1.2ರಿಂದ ಭಾಗಿಸಿ. 240 ಭಾಗಿಸು 1.2. ಉತ್ತರ 200.