ಹಗಲು ಕೊಟ್ಟ ಯೂನಿಟ್, ರಾತ್ರಿ ಪಡೆದ ಯೂನಿಟ್

ಎಲ್ಲರಿಗೂ ನಮಸ್ಕಾರ.

ಸೋಲಾರ್ ಹಾಕಿಸಿದವರು ಮೊದಲ ಬಿಲ್ ಬಂದಾಗ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. 'ಪ್ಯಾನಲ್‌ನಿಂದ 300 ಯೂನಿಟ್ ತಯಾರಾಯ್ತು ಅಂತ ಇನ್ವರ್ಟರ್ ತೋರಿಸುತ್ತೆ, ಬಿಲ್‌ನಲ್ಲಿ ಜಮೆ ಆಗಿರೋದು 200. ಉಳಿದ 100 ಎಲ್ಲಿ ಹೋಯ್ತು?'

ಎಲ್ಲೂ ಹೋಗಿಲ್ಲ. ನಿಮ್ಮ ಮನೆಯಲ್ಲೇ ಖರ್ಚಾಗಿದೆ. ಬಿಸಿಲಿದ್ದಾಗ ಓಡಿದ ಫ್ರಿಜ್, ಫ್ಯಾನ್, ಪಂಪು ಅದನ್ನು ಬಳಸಿವೆ. ಆ ಕರೆಂಟು ಮೀಟರಿನ ತನಕ ಬರುವುದೇ ಇಲ್ಲ. ಅಷ್ಟು ಯೂನಿಟ್ ಕೊಳ್ಳುವುದು ನಿಮಗೆ ತಪ್ಪಿತು, ಅಷ್ಟೇ.

ಮೀಟರಿಗೆ ಗೊತ್ತಿರುವುದು ಎರಡೇ ಲೆಕ್ಕ: ಗ್ರಿಡ್‌ನಿಂದ, ಅಂದರೆ ಊರಿನ ವಿದ್ಯುತ್ ಜಾಲದಿಂದ, ಒಳಗೆ ಬಂದದ್ದು, ಮನೆಯಿಂದ ಹೊರಗೆ ಹೋದದ್ದು. ಹೊರಗೆ ಹೋದ ಕರೆಂಟನ್ನು ಗ್ರಿಡ್ ನಿಮಗಾಗಿ ಕೂಡಿಡುವುದಿಲ್ಲ. ಅದು ಆ ಕ್ಷಣವೇ ಅಕ್ಕಪಕ್ಕದ ಯಾರದೋ ಮನೆಯಲ್ಲಿ ಬಳಕೆಯಾಗುತ್ತೆ. ರಾತ್ರಿ ನಿಮಗೆ ಸಿಗುವುದು ಬೇರೆಲ್ಲೋ ತಯಾರಾದ ಕರೆಂಟು. ಒಂಥರಾ ಕೈಗಡ ಕೊಟ್ಟ ಹಾಗೆ. ಕೊಟ್ಟ ನೋಟೇ ವಾಪಸ್ ಬರಬೇಕಿಲ್ಲ ಅಲ್ವಾ?

ಈಗ ಇದೇ ಮನೆಯ ಲೆಕ್ಕ ನೋಡೋಣ. 200 ಯೂನಿಟ್ ಹೊರಗೆ ಕೊಟ್ಟಿದ್ದಾರೆ. ರಾತ್ರಿ ಹೊತ್ತು, ಮೋಡದ ದಿನ ಸೇರಿ 300 ಯೂನಿಟ್ ಪಡೆದಿದ್ದಾರೆ. ನೆಟ್ ಮೀಟರಿಂಗ್‌ನಲ್ಲಿ ಯೂನಿಟ್‌ಗೆ ಯೂನಿಟ್ ವಜಾ. ಉಳಿದ 100 ಯೂನಿಟ್‌ಗೆ ಹಣ ಕಟ್ಟಬೇಕು. ಇದರ ಜೊತೆ ಬರುವ ನಿಗದಿತ ಶುಲ್ಕ ಸಾಮಾನ್ಯವಾಗಿ ಹಾಗೇ ಉಳಿಯುತ್ತೆ.

ಅಮೆರಿಕದ ಮಿನ್ನೆಸೋಟ ರಾಜ್ಯ 1983ರಲ್ಲೇ ನೆಟ್ ಮೀಟರಿಂಗ್‌ಗೆ ಕಾನೂನು ಮಾಡಿತು. ಆಗಿನ್ನೂ ಚಕ್ರ ತಿರುಗುವ ಮೀಟರ್‌ಗಳ ಕಾಲ. ಕರೆಂಟು ಹೊರಗೆ ಹರಿದರೆ ಚಕ್ರ ನಿಜಕ್ಕೂ ಹಿಂದಕ್ಕೆ ತಿರುಗುತ್ತಿತ್ತು.

ಆದರೆ ಎಲ್ಲ ಕಡೆ ಲೆಕ್ಕ ಇಷ್ಟು ಸರಳವಾಗಿ ಉಳಿದಿಲ್ಲ. ನೆಟ್ ಬಿಲ್ಲಿಂಗ್ ಅಂತ ಇನ್ನೊಂದು ಪದ್ಧತಿ ಇದೆ. ಹೆಸರು ಹೆಚ್ಚುಕಮ್ಮಿ ಒಂದೇ, ಫಲ ಬೇರೆ. ಇಲ್ಲಿ ಕೊಳ್ಳುವ ದರ ಒಂದು, ಕೊಡುವ ದರ ಇನ್ನೊಂದು. ಕೊಡುವ ದರ ಅರ್ಧ ಅಂತಿಟ್ಟುಕೊಳ್ಳಿ. ನೀವು ಕೊಟ್ಟ 200 ಯೂನಿಟ್ 100ರ ಬೆಲೆಗೆ ಇಳಿಯಿತು. ಕಟ್ಟಬೇಕಾದದ್ದು 100 ಯೂನಿಟ್‌ನ ಹಣವಲ್ಲ, 200ರದ್ದು! ಪ್ಯಾನಲ್ ಅದೇ, ಬಿಸಿಲೂ ಅದೇ.

ಕ್ಯಾಲಿಫೋರ್ನಿಯದ ದೊಡ್ಡ ಖಾಸಗಿ ವಿದ್ಯುತ್ ಕಂಪನಿಗಳ ಹೊಸ ಗ್ರಾಹಕರಿಗೆ 2023ರ ಏಪ್ರಿಲ್‌ನಿಂದ ಈ ಬಗೆಯ ಲೆಕ್ಕ ಬಂತು. ಸೋಲಾರ್ ಮನೆಗಳ ಬಿಲ್ ಇಳಿದಷ್ಟೂ ತಂತಿ, ಕಂಬ, ಟ್ರಾನ್ಸ್‌ಫಾರ್ಮರ್‌ಗಳ ಖರ್ಚು ಸೋಲಾರ್ ಇಲ್ಲದವರ ಮೇಲೆ ಬೀಳುತ್ತೆ ಅನ್ನುವುದು ಬದಲಾವಣೆ ಕೇಳುವವರ ವಾದ. ಅದರಲ್ಲಿ ನಿಜವಿದೆ. ಪ್ಯಾನಲ್ ಹಾಕಿಸಲು ಸ್ವಂತ ಸೂರೇ ಇಲ್ಲದ ಬಾಡಿಗೆದಾರರನ್ನು ನಾವು ಮರೆಯಬಾರದು. ಆದರೆ ಹಳೆಯ ನಿಯಮ ನಂಬಿ ಸಾಲ ಮಾಡಿ ಪ್ಯಾನಲ್ ಹಾಕಿಸಿದವರಿಗೆ ನಡುವೆ ನಿಯಮ ಬದಲಿಸುವುದು ತಪ್ಪು. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ನೆಟ್ ಬಿಲ್ಲಿಂಗ್ ಇದ್ದರೆ ಪಂಪು, ವಾಷಿಂಗ್ ಮಷಿನ್ ಮಧ್ಯಾಹ್ನವೇ ಓಡಿಸಿ. ಹೊರಗೆ ಕೊಡುವುದಕ್ಕಿಂತ ಒಳಗೆ ಬಳಸುವುದೇ ಲಾಭ. ಯೂನಿಟ್‌ಗೆ ಯೂನಿಟ್ ವಜಾ ಆಗುವ ಕಡೆ ಈ ಚಿಂತೆ ಕಮ್ಮಿ. ಇನ್ನೊಂದು ವಿಚಾರ: ಉಳಿದ ಜಮೆ ಮುಂದಿನ ತಿಂಗಳಿಗೆ ಹೋಗುತ್ತಾ, ವರ್ಷದ ಕೊನೆಗೆ ಏನಾಗುತ್ತೆ ಅಂತ ಒಪ್ಪಂದದಲ್ಲಿ ಓದಿ. ಕೆಲವು ಕಡೆ ಕಡಿಮೆ ದರಕ್ಕೆ ಹಣ ಕೊಡುತ್ತಾರೆ, ಕೆಲವು ಕಡೆ ಅದು ಸುಮ್ನೆ ರದ್ದಾಗುತ್ತೆ. ಹಾಗಾಗಿ ಬೇಕಾದ್ದಕ್ಕಿಂತ ಜಾಸ್ತಿ ಪ್ಯಾನಲ್ ಹಾಕಿಸಬೇಡಿ.

ಬಿಲ್ ತಂದವರು ಈಗ ತೆಗೆಯಿರಿ. ಇಂಪೋರ್ಟ್, ಎಕ್ಸ್‌ಪೋರ್ಟ್ ಅನ್ನುವ ಎರಡು ಸಾಲು ಹುಡುಕಿ. ಅಲ್ಲಿಂದ ಒಟ್ಟಿಗೆ ಓದೋಣ.