ಕೇಳಿಸದ ಚಪ್ಪಾಳೆ

ಕೇಳುಗರೇ, ನಮಸ್ಕಾರ.

ನಾನೀಗ ಒಂದು ಸಣ್ಣ ಕೋಣೆಯಲ್ಲಿ ಕುಳಿತಿದ್ದೇನೆ. ಎದುರಿಗೆ ಒಂದು ಮೈಕು, ಗಾಜಿನ ಆಚೆ ಒಬ್ಬ ತಂತ್ರಜ್ಞರು, ಅಷ್ಟೇ. ನೀವು ಅಡುಗೆಮನೆಯಲ್ಲಿ ಒಗ್ಗರಣೆಗೆ ಇಟ್ಟಿದ್ದೀರೋ, ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದೀರೋ ನನಗೆ ಕಾಣುವುದಿಲ್ಲ. ಹೀಗೆ ಕಾಣದವರೊಡನೆ ಮಾತನಾಡಲು ಕುಳಿತಾಗಲೆಲ್ಲ ನನಗೆ ಮೇರಿ ಮಾರ್ಟಿನ್ ಎಂಬ ಅಮೆರಿಕದ ನಟಿಯ ನೆನಪಾಗುತ್ತದೆ. ಆಕೆಯೊಡನೆ 1955ರ ಮಾರ್ಚ್ 7ರ ಸೋಮವಾರ ರಾತ್ರಿಯ ನೆನಪೂ ಬರುತ್ತದೆ.

ಆ ರಾತ್ರಿ ಅಮೆರಿಕದ ಎನ್‌ಬಿಸಿ ದೂರದರ್ಶನ ಜಾಲವು ‘ಪೀಟರ್ ಪ್ಯಾನ್’ ಸಂಗೀತ ನಾಟಕವನ್ನು ನೇರ ಪ್ರಸಾರ ಮಾಡಿತು. ದೊಡ್ಡವನಾಗಲು ಒಲ್ಲದ ಹುಡುಗ ಪೀಟರ್, ಅವನ ಜೊತೆ ಕಿಟಕಿಯಿಂದ ಹಾರಿಹೋಗುವ ವೆಂಡಿ ಮತ್ತು ಅವಳ ತಮ್ಮಂದಿರು, ಕೈಯ ಜಾಗದಲ್ಲಿ ಕೊಕ್ಕೆಯಿರುವ ಕಡಲುಗಳ್ಳ ಹುಕ್: ಕಥೆ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುತ್ತದೆ. ಪೀಟರನಿಗೆ ಟಿಂಕರ್ ಬೆಲ್ ಎಂಬ ಪುಟ್ಟ ಕಿನ್ನರಿ ಗೆಳತಿ. ಹುಕ್ ಇಟ್ಟುಹೋದ ವಿಷವನ್ನು ಪೀಟರ್ ಕುಡಿಯದಿರಲೆಂದು ಅವಳೇ ಕುಡಿಯುತ್ತಾಳೆ. ಅವಳ ಬೆಳಕು ಕಂದುತ್ತ ಬರುತ್ತದೆ. ಆಗ ಪೀಟರ್ ಪ್ರೇಕ್ಷಕರ ಕಡೆ ತಿರುಗಿ ಬೇಡುತ್ತಾನೆ: ಕಿನ್ನರಿಯರು ಇದ್ದಾರೆಂದು ನೀವು ನಂಬುವುದಾದರೆ ಚಪ್ಪಾಳೆ ತಟ್ಟಿ, ಇವಳು ಬದುಕುತ್ತಾಳೆ.

ನಾನು ಮಕ್ಕಳ ನಾಟಕಗಳನ್ನು ಮಾಡಿಸಿದವಳು. ರಂಗದ ಮುಂದೆ ಚಾಪೆಯ ಮೇಲೆ ಕುಳಿತ ಮಕ್ಕಳು ರಾಕ್ಷಸ ಬಂದೊಡನೆ ‘ಹಿಂದೆ ನೋಡು, ಹಿಂದೆ ನೋಡು’ ಎಂದು ಕಿರುಚುವುದನ್ನು ಎಷ್ಟು ಸಲ ಕೇಳಿದ್ದೇನೋ. ಆ ಕೂಗೇ ನಟರಿಗೆ ಉಸಿರು. ಈ ನಾಟಕವನ್ನು ಬರೆದ ಜೆ. ಎಂ. ಬ್ಯಾರಿಗೂ ಅದು ಗೊತ್ತಿತ್ತು, ಆದರೂ ಅಳುಕಿತ್ತು. 1904ರ ಡಿಸೆಂಬರ್ 27ರಂದು ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ರಂಗಮಂದಿರದಲ್ಲಿ ಮೊದಲ ಪ್ರದರ್ಶನ. ಸಭೆಯಲ್ಲಿ ತುಂಬಿದ್ದವರು ದೊಡ್ಡವರು. ಯಾರೂ ಚಪ್ಪಾಳೆ ತಟ್ಟದಿದ್ದರೆ ಏನು ಗತಿಯೆಂದು ಆತ ವಾದ್ಯದವರಿಗೆ ಮೊದಲೇ ಹೇಳಿಟ್ಟಿದ್ದರಂತೆ: ವಾದ್ಯ ಕೆಳಗಿಟ್ಟು ನೀವೇ ತಟ್ಟಿಬಿಡಿ. ಅದು ಬೇಕಾಗಲಿಲ್ಲ. ಸಭೆ ತಟ್ಟಿದ ರಭಸಕ್ಕೆ ಪೀಟರ್ ಪಾತ್ರದ ನೀನಾ ಬೌಸಿಕಾಲ್ಟ್ ಅತ್ತುಬಿಟ್ಟರು.

ಹೌದು, ಪೀಟರ್ ಪಾತ್ರ ಮಾಡಿದ್ದು ಹೆಂಗಸು. ಅಂದಿನಿಂದಲೂ ರಂಗದ ಮೇಲೆ ಅದೇ ರೂಢಿ. ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಕಟ್ಟುವುದನ್ನು ಕಂಡು ಬೆಳೆದ ನಮಗೆ ಇದರಲ್ಲಿ ಬೆರಗಿಲ್ಲ. 1955ರಲ್ಲಿ ಮೇರಿ ಮಾರ್ಟಿನ್ನರಿಗೆ ವಯಸ್ಸು 41. ಹಳೆಯ ಚಿತ್ರಿಕೆಯಲ್ಲಿ ನೋಡಿ, ಸೊಂಟಕ್ಕೆ ಕೈಯಿಟ್ಟು ನಿಂತರೆ ಹನ್ನೆರಡರ ಹುಡುಗನೇ.

ನಾಟಕ 1954ರ ಅಕ್ಟೋಬರ್ 20ರಂದು ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂದಿತ್ತು. ನಿರ್ದೇಶನ ಜೆರೋಮ್ ರಾಬಿನ್ಸ್ ಅವರದು. 152 ಪ್ರದರ್ಶನಗಳಾಗಿ ಫೆಬ್ರವರಿ 26ಕ್ಕೆ ತೆರೆ ಬಿತ್ತು. ಬರೀ ಒಂಬತ್ತು ದಿನಗಳ ನಂತರ ಅದೇ ತಂಡ ಕ್ಯಾಮೆರಾಗಳ ಮುಂದೆ ನಿಂತಿತ್ತು. ಅಂದು ನೋಡಿದವರು ಸುಮಾರು ಆರೂವರೆ ಕೋಟಿ ಜನ ಎಂದು ಲೆಕ್ಕ. ಆಗ ಅಮೆರಿಕದ ಒಟ್ಟು ಜನಸಂಖ್ಯೆ ಹದಿನಾರು ಕೋಟಿಗಿಂತ ತುಸು ಹೆಚ್ಚು.

ಈ ಪ್ರಸಾರದ ಹಿಂದೆ ವ್ಯಾಪಾರವೂ ಇತ್ತು. ಎನ್‌ಬಿಸಿಯ ಒಡೆತನ ಆಗ ಆರ್‌ಸಿಎ ಕಂಪನಿಯದಾಗಿತ್ತು, ಆ ಕಂಪನಿಗೆ ಬಣ್ಣದ ಟಿವಿ ಮಾರಬೇಕಿತ್ತು. 1954ರಲ್ಲಿ ಅದರ ಮೊದಲ ಬಣ್ಣದ ಟಿವಿಗೆ ಸಾವಿರ ಡಾಲರ್ ಬೆಲೆ. ಹೀಗಾಗಿ ಬಣ್ಣಬಣ್ಣವಾಗಿ ಹೊರಟ ಪೀಟರ್ ಹೆಚ್ಚಿನ ಮನೆಗಳನ್ನು ಕಪ್ಪುಬಿಳುಪಾಗಿ ತಲುಪಿದ. ಅದರಿಂದ ಮಕ್ಕಳಿಗೇನೂ ಕಡಿಮೆಯಾಗಲಿಲ್ಲ, ಏಕೆಂದರೆ ಅವನು ಹಾರುತ್ತಿದ್ದ.

ಆ ಹಾರಾಟದ ಹಿಂದೆ ಇದ್ದವರು ಇಂಗ್ಲೆಂಡಿನಿಂದ ಬಂದ ಪೀಟರ್ ಫಾಯ್. ಉಡುಪಿನ ಒಳಗೆ ಬಿಗಿಪಟ್ಟಿ, ಬೆನ್ನಿಗೆ ತೆಳ್ಳನೆಯ ಉಕ್ಕಿನ ತಂತಿ, ತೆರೆಯ ಮರೆಯಲ್ಲಿ ಹಗ್ಗ ಹಿಡಿದು ಎಳೆಯುವವರು. ಮೇಲೆತ್ತುವವನ ಕೈಯೂ ಪಕ್ಕಕ್ಕೆ ತೂಗುವವನ ಕೈಯೂ ಹಾಡಿನ ತಾಳಕ್ಕೆ ಕೂಡಬೇಕು. ಅರೆಗಳಿಗೆ ತಪ್ಪಿದರೆ ಪೀಟರ್ ಕಿಟಕಿಯಿಂದ ಒಳಗೆ ಬರುವ ಬದಲು ಗೋಡೆಗೆ ಬಡಿಯುತ್ತಾನೆ. ನೇರ ಪ್ರಸಾರದಲ್ಲಿ ಅದನ್ನು ತಿದ್ದಲು ಎಡೆಯಿಲ್ಲ. ಇಲ್ಲಿ ಬ್ಯಾರಿಯವರ ಒಂದು ಮಾತು ಹೇಳಲೇಬೇಕು. ಮೊದಲ ಪ್ರದರ್ಶನಗಳನ್ನು ನೋಡಿದ ಮಕ್ಕಳು ಮನೆಗೆ ಹೋಗಿ ಮಂಚದಿಂದ ಹಾರಿ ಗಾಯ ಮಾಡಿಕೊಂಡರು. ಹೆತ್ತವರು ಕೇಳಿಕೊಂಡ ಮೇಲೆ, ಕಿನ್ನರಿಯ ಮಾಯದ ಪುಡಿ ಮೈಮೇಲೆ ಬೀಳದೆ ಯಾರೂ ಹಾರಲಾರರು ಎಂಬ ಮಾತನ್ನು ಆತ ನಾಟಕಕ್ಕೆ ಸೇರಿಸಿದರು. ಮಾಯದ ಪುಡಿ ಹುಟ್ಟಿದ್ದು ಮಕ್ಕಳ ಕೈಕಾಲು ಉಳಿಸಲಿಕ್ಕೆ! ಮಕ್ಕಳಿಗಾಗಿ ಬರೆಯುವವರ ಹೊಣೆ ಎಂಥದ್ದೆಂದು ನಾನು ಕಲಿತದ್ದು ಇದರಿಂದ.

ಜನರಿಗೆ ಪೀಟರ್ ಮತ್ತೆ ಬೇಕೆನಿಸಿತು. ಆದರೆ ವಿಡಿಯೊ ಟೇಪ್ ಇನ್ನೂ ಬಂದಿರಲಿಲ್ಲ. ಮರುಪ್ರಸಾರವೆಂದರೆ ಮರುಪ್ರದರ್ಶನವೇ. 1956ರ ಜನವರಿ 9ರಂದು ಬಹುಪಾಲು ಅದೇ ನಟರು ಮತ್ತೆ ಹಾಡಿದರು, ಮತ್ತೆ ಹಾರಿದರು, ಟಿಂಕರ್ ಬೆಲ್ ಮತ್ತೆ ವಿಷ ಕುಡಿದಳು. 1960ರಲ್ಲಿ ಮೂರನೆಯ ಸಲ ಆಡಿದ್ದನ್ನು ಬಣ್ಣದ ಟೇಪಿನಲ್ಲಿ ಹಿಡಿದಿಟ್ಟರು. ಅಮೆರಿಕದ ಮುಂದಿನ ತಲೆಮಾರು ಕಂಡದ್ದು ಆ ಟೇಪನ್ನು.

ಆಮೇಲೆ ನೇರ ಪ್ರಸಾರದ ನಾಟಕಗಳು ಅಪರೂಪವಾದವು. 2013ರಲ್ಲಿ ಎನ್‌ಬಿಸಿ ‘ದಿ ಸೌಂಡ್ ಆಫ್ ಮ್ಯೂಸಿಕ್’ ನಾಟಕವನ್ನು ನೇರವಾಗಿ ತೋರಿಸಿತು, ಒಂದು ಕೋಟಿ 86 ಲಕ್ಷ ಜನ ನೋಡಿದರು. ಮರುವರ್ಷ, 2014ರ ಡಿಸೆಂಬರ್ 4ರಂದು, ಮತ್ತೆ ಪೀಟರ್ ಪ್ಯಾನ್. ನ್ಯೂಯಾರ್ಕಿನ ಹೊರವಲಯದ ಬೆತ್‌ಪೇಜ್ ಊರಿನ ಸ್ಟುಡಿಯೊದಲ್ಲಿ ಆಲಿಸನ್ ವಿಲಿಯಮ್ಸ್ ಪೀಟರ್ ಆದರು, ಕ್ರಿಸ್ಟೋಫರ್ ವಾಕನ್ ಹುಕ್ ಆದರು. ನೋಡಿದವರು 92 ಲಕ್ಷ.

ಅವರು ಮಾಡಿದ ಒಂದು ಬದಲಾವಣೆ ನನಗೆ ಬಹಳ ಮೆಚ್ಚುಗೆಯಾಯಿತು. ಹಳೆಯ ನಾಟಕದಲ್ಲಿ ಅಮೆರಿಕದ ಮೂಲನಿವಾಸಿಗಳ ಬಾಯಲ್ಲಿ ಅರ್ಥವಿಲ್ಲದ ಶಬ್ದಗಳ ಹಾಡೊಂದಿತ್ತು. ಒಂದು ಜನಾಂಗವನ್ನು ಹಾಸ್ಯದ ವಸ್ತು ಮಾಡುವ ಹಾಡು ಅದು. 2014ರಲ್ಲಿ, ಮೂಲನಿವಾಸಿ ಚಿಕಸಾ ಸಮುದಾಯದ ಸಂಗೀತ ಸಂಯೋಜಕ ಜೆರಾಡ್ ಟೇಟ್ ಅವರ ಸಲಹೆ ಪಡೆದು ಅದನ್ನು ಬದಲಿಸಿದರು. ಹೊಸ ಸಾಹಿತ್ಯ ಬರೆದವರು ಅಮಾಂಡ ಗ್ರೀನ್. 1954ರ ಗೀತರಚನಕಾರರಲ್ಲಿ ಒಬ್ಬರಾದ ಅಡಾಲ್ಫ್ ಗ್ರೀನ್ ಅವರ ಮಗಳು. ತಂದೆಯ ಕಾಲಕ್ಕೆ ಕಾಣದ ತಪ್ಪನ್ನು ಮಗಳು ತಿದ್ದಿದರು, ತಂದೆಯ ನಾಟಕವನ್ನು ಬಿಟ್ಟುಕೊಡದೆ.

ಆದರೆ ಟಿಂಕರ್ ಬೆಲ್‌ಳನ್ನು ಆ ಸಲ ಕಂಪ್ಯೂಟರಿನಲ್ಲಿ ಬಿಡಿಸಿದ್ದರು. ರೆಕ್ಕೆ, ಮುಖ ಎಲ್ಲ ಚೆನ್ನಾಗಿಯೇ ಇತ್ತು, ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಬ್ಯಾರಿಯ ಕಾಲದಲ್ಲಿ ಅವಳು ಮರೆಯಲ್ಲಿ ಹಿಡಿದ ಪುಟ್ಟ ಕನ್ನಡಿಯಿಂದ ಹಾಯಿಸಿದ ಬೆಳಕಿನ ಚುಕ್ಕೆ, ಜೊತೆಗೊಂದು ಕಿಣಿಕಿಣಿ ದನಿ. ನಮ್ಮ ಶಾಲೆಗಳಲ್ಲಿ ಬಿಸಿಲಿಗೆ ಕೈಗಡಿಯಾರ ಹಿಡಿದು ಗೋಡೆಯ ಮೇಲೆ ಬೆಳಕು ಕುಣಿಸದ ಮಗುವಿದೆಯೇ? ಆ ಚುಕ್ಕೆಗೆ ಮುಖವನ್ನು ಮಗುವೇ ಕೊಡುತ್ತದೆ. ತಾನು ಮುಖ ಕೊಟ್ಟ ಜೀವ ಸಾಯಬಾರದೆಂದೇ ಅದು ಅಷ್ಟು ಜೋರಾಗಿ ಚಪ್ಪಾಳೆ ತಟ್ಟುವುದು.

ಈಗ ಮತ್ತೆ 1955ರ ಆ ರಾತ್ರಿಗೆ ಬರುತ್ತೇನೆ. ರಂಗಮಂದಿರದಲ್ಲಾದರೆ ಚಪ್ಪಾಳೆ ಅಲೆಯಾಗಿ ಬಂದು ನಟಿಯ ಮುಖಕ್ಕೆ ಬಡಿಯುತ್ತದೆ. ಇಲ್ಲಿ ಮೇರಿ ಮಾರ್ಟಿನ್ ಕ್ಯಾಮೆರಾದ ಗಾಜುಕಣ್ಣಿಗೆ ಮುಖ ಕೊಟ್ಟು ಬೇಡಿದರು. ಸಾವಿರಾರು ಮೈಲಿ ಹಬ್ಬಿದ ದೇಶದ ಲಕ್ಷಾಂತರ ಬೈಠಕ್‌ಖಾನೆಗಳ ಚಪ್ಪಾಳೆಯಲ್ಲಿ ಒಂದೂ ಅವರ ಕಿವಿಗೆ ಬೀಳುವಂತಿರಲಿಲ್ಲ. ಬೀಳುತ್ತಿದೆ ಎಂದು ನಂಬಿ ಅವರು ಕಾದರು, ಕೇಳಿದವರಂತೆ ಮುಖ ಅರಳಿಸಿದರು.

ಆ ನೇರ ಪ್ರಸಾರವನ್ನು ಪರದೆಯಿಂದಲೇ ಫಿಲ್ಮಿಗೆ ಇಳಿಸಿದ ಕಪ್ಪುಬಿಳುಪು ಪ್ರತಿ ಉಳಿದುಬಂದಿದೆ. ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮೊಮ್ಮಗಳಿಗೆ ತೋರಿಸಿದೆ. ಅವಳಿಗೆ ಆರು ವರ್ಷ, ಇಂಗ್ಲಿಷ್ ಅರೆಬರೆ, ಸಂಭಾಷಣೆಯನ್ನು ನಾನೇ ಕನ್ನಡದಲ್ಲಿ ಹೇಳುತ್ತಿದ್ದೆ. ಆ ಘಟ್ಟ ಬಂದಾಗ ನಾನು ಹೇಳುವುದನ್ನು ನಿಲ್ಲಿಸಿದೆ. ಅವಳು ತೊಡೆಯ ಮೇಲಿದ್ದ ಚುರುಮುರಿ ತಟ್ಟೆಯನ್ನು ಕೆಳಗಿಟ್ಟು ಚಪ್ಪಾಳೆ ತಟ್ಟತೊಡಗಿದಳು. ಮೇರಿ ಮಾರ್ಟಿನ್ 1990ರಲ್ಲೇ ತೀರಿಕೊಂಡಿದ್ದಾರೆ. ಅದನ್ನು ನಾನು ಹೇಳಲಿಲ್ಲ. ‘ಅಜ್ಜಿ, ನೀನೂ ತಟ್ಟು’ ಎಂದಳು, ನಾನೂ ತಟ್ಟಿದೆ. ಬೆಳಕು ಮತ್ತೆ ಕಾಣಿಸಿಕೊಂಡ ಮೇಲೆಯೂ ಅವಳು ಸ್ವಲ್ಪ ಹೊತ್ತು ಕೈ ನಿಲ್ಲಿಸಲಿಲ್ಲ.

ನಮಸ್ಕಾರ.