ಹವಾಯಿ ಹೋಟೆಲಿನಲ್ಲಿ ಕೆಸುವಿನೆಲೆ

ನಮಸ್ಕಾರ. ಹವಾಯಿ ಊಟ ಅಂದ ಕೂಡಲೇ ಅನಾನಸ್ ಪಿಜ್ಜಾ ನೆನಪಾಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅದು ಹವಾಯಿಯದ್ದಲ್ಲ. 1962ರಲ್ಲಿ ಕೆನಡಾದಲ್ಲಿ ಗ್ರೀಸ್ ಮೂಲದ ಹೋಟೆಲಿನವರೊಬ್ಬರು ಮಾಡಿದ್ದು. ಅದನ್ನು ಪಕ್ಕಕ್ಕೆ ಇಡೋಣ.

ನಾನು ಹೋಗಿದ್ದು ಲಾಸ್ ಏಂಜಲೀಸ್‌ ಪಕ್ಕದ ಗಾರ್ಡೀನಾಕ್ಕೆ. ಲಾಂಡ್ರಿ ಪಕ್ಕದಲ್ಲಿ ಪುಟ್ಟ ಹೋಟೆಲ್, ಆರೇ ಮೇಜು. ಗೋಡೆಯ ಮೇಲೆ ಕಡಲಿಲ್ಲ, ತೆಂಗಿನಮರವೂ ಇಲ್ಲ. ಆಗಲೇ ನನಗೆ ಅರ್ಧ ನಂಬಿಕೆ ಬಂತು. ನನ್ನ ಮುಂದಿದ್ದ ಹುಡುಗ ಕೌಂಟರಿನಲ್ಲಿದ್ದ ಹಿರಿಯ ಹೆಂಗಸನ್ನು "ಆಂಟಿ" ಅಂದ. ನಮ್ಮ ಕಡೆಯವನೇ ಇರಬೇಕು ಅಂತ ನೋಡಿದೆ. ಅಲ್ಲ. ಹವಾಯಿಯಲ್ಲೂ ಹಿರಿಯರೆಲ್ಲ ಆಂಟಿ, ಅಂಕಲ್ಲೇ. ನೆಂಟಸ್ತಿಕೆ ಇರಬೇಕು ಅಂತೇನಿಲ್ಲ.

ಅಲ್ಲಿನ ಮುಖ್ಯ ಊಟ ಪ್ಲೇಟ್ ಲಂಚ್. ಎರಡು ಗುಂಡು ಅನ್ನ, ಒಂದು ಗುಂಡು ಮ್ಯಾಕರೋನಿ ಸಾಲಡ್, ಜೊತೆಗೆ ಮಾಂಸವೋ ಮೀನೋ. ನೋಡಿದರೆ ತಲೆಬುಡ ಇಲ್ಲದ ಜೋಡಿ ಅನ್ನಿಸುತ್ತದೆ. ಆದರೆ ಇದು ಹವಾಯಿಯ ಕಬ್ಬಿನ ತೋಟದ ಬುತ್ತಿ. 1852ರಲ್ಲಿ ಚೀನಾದಿಂದ, 1885ರಿಂದ ಜಪಾನಿನಿಂದ, 1906ರಿಂದ ಫಿಲಿಪೀನ್ಸ್‌ನಿಂದ ಕೂಲಿಯಾಳುಗಳು ಬಂದರು. ನಡುವೆ ಪೋರ್ಚುಗೀಸರು, ಕೊರಿಯಾದವರು. ಬಿಸಿಲಲ್ಲಿ ದುಡಿದವರಿಗೆ ಹೊಟ್ಟೆ ತುಂಬಬೇಕು, ಅಷ್ಟೇ. ಆ ಮ್ಯಾಕರೋನಿ ಸಾಲಡ್ ಒಂದನ್ನೇ ತಿಂದರೆ ಸಪ್ಪೆ. ಉಪ್ಪುಪ್ಪು ಮಾಂಸದ ಜೊತೆ ತಿಂದರೆ ನಮ್ಮ ಮೊಸರನ್ನ ಮಾಡುವ ಕೆಲಸವನ್ನೇ ಮಾಡುತ್ತದೆ. ಬಾಯಿ ತಂಪಾಗುತ್ತದೆ.

ನಾನು ಕೇಳಿದ್ದು ಲೌಲೌ. ತಟ್ಟೆಗೆ ಬಂದಿದ್ದು ಒಂದು ಹಸಿರು ಗಂಟು. ಹೊರಗಿನ ಎಲೆ ಬಿಚ್ಚಿದೆ, ಅದನ್ನು ತಿನ್ನುವ ಹಾಗಿಲ್ಲ. ಒಳಗೆ ಇನ್ನೊಂದು ಎಲೆ, ಬೆಂದು ಬೆಂದು ಬೆಣ್ಣೆಯಾಗಿತ್ತು. ಅದರೊಳಗೆ ಹಂದಿಮಾಂಸ. ಬಾಯಿಗಿಟ್ಟ ತಕ್ಷಣ ಗೊತ್ತಾಯಿತು. ಕೆಸುವಿನೆಲೆ! ಕರಾವಳಿಯವನಿಗೆ ಪತ್ರೊಡೆ ಮರೆಯುತ್ತದೆಯಾ? ನಾವು ಬಾಯಿ ತುರಿಸಬಾರದು ಅಂತ ಹುಳಿ ಹಾಕುತ್ತೇವೆ. ಅವರು ಹುಳಿ ಹಾಕುವುದಿಲ್ಲ, ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುತ್ತಾರೆ. "ತುರಿಸುತ್ತಾ?" ಅಂತ ಆಂಟಿಯೇ ನಗುತ್ತಾ ಕೇಳಿದರು. ಇಲ್ಲ ಅಂದೆ. ನಮ್ಮಜ್ಜಿ ಕೂಡ ಪತ್ರೊಡೆ ಬಡಿಸಿ ಮೊದಲು ಕೇಳುತ್ತಿದ್ದುದು ಇದೇ ಪ್ರಶ್ನೆ.

ಅದೇ ಗಿಡದ ಗಡ್ಡೆ ಬೇಯಿಸಿ, ಜಜ್ಜಿ, ನೀರು ಸೇರಿಸಿದರೆ ಪೋಯಿ. ಬೂದು ನೇರಳೆ ಬಣ್ಣದ ಅಂಟು. ಎರಡು ಮೂರು ದಿನ ಇಟ್ಟರೆ ದೋಸೆ ಹಿಟ್ಟಿನ ಹಾಗೆ ಹುಳಿ ಬರುತ್ತದೆ. ಪ್ರವಾಸಿಗರು ಒಂದು ಚಮಚ ಬಾಯಿಗಿಟ್ಟು "ಗೋಡೆಗೆ ಕಾಗದ ಅಂಟಿಸುವ ಗೋಂದು" ಅಂತ ನಗುತ್ತಾರೆ. ನನಗೆ ಕೋಪ ಬರುವುದು ಇಲ್ಲೇ. ಉಪ್ಪಿನಕಾಯಿ ಇಲ್ಲದೆ ಬರೀ ಗಂಜಿ ಕುಡಿದು ಗಂಜಿ ಚೆನ್ನಾಗಿಲ್ಲ ಅಂದರೆ ಹೇಗೆ? ಪೋಯಿಯನ್ನು ಉಪ್ಪು ಹಂದಿಮಾಂಸಕ್ಕೆ ನಂಜಿಕೊಂಡು ತಿನ್ನಬೇಕು. ಹವಾಯಿಯ ಮೂಲನಿವಾಸಿಗಳ ಕಥೆಯಲ್ಲಿ ಈ ಕೆಸು ಮನುಷ್ಯನಿಗೆ ಅಣ್ಣ. ಮೊದಲು ಹುಟ್ಟಿದ ಮಗು ಉಳಿಯಲಿಲ್ಲ, ಹೂಳಿದ ಜಾಗದಲ್ಲಿ ಕೆಸು ಚಿಗುರಿತು. ಆಮೇಲೆ ಹುಟ್ಟಿದ ತಮ್ಮ ಹಾಲೋವಾನಿಂದ ಜನ ಬೆಳೆದರು. ಅಣ್ಣನನ್ನು ಗೋಂದು ಅನ್ನುತ್ತೀರಾ?

ಈಗ ಊರೆಲ್ಲ ಪೋಕೆ ಬೌಲ್ ಅಂಗಡಿಗಳು. ಹಸಿ ಮೀನಿನ ಮೇಲೆ ಜೋಳ, ಮಾವು, ಮತ್ತೆ ಏನೇನೋ ಸಾಸು. ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನೇ ಹವಾಯಿ ಅಂದುಕೊಳ್ಳಬೇಡಿ. ಹೊಸ ಹವಾಯಿ ಹೋಟೆಲಿಗೆ ಹೋದರೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ, ಪೋಯಿ ಇದೆಯಾ? ಇದ್ದರೆ ಕೂರುತ್ತೇನೆ.

ಹಾಂ, ಈ ಹೋಟೆಲಿನಲ್ಲಿ ಲೌಲೌ ಶುಕ್ರವಾರ, ಶನಿವಾರ ಮಾತ್ರ. ಒಂದು ಗಂಟೆಗೆಲ್ಲ ಖಾಲಿ. ಹೆಸರು ಮಾತ್ರ ಹೇಳುವುದಿಲ್ಲ. ಇರುವುದೇ ಆರು ಮೇಜು, ಅಲ್ವಾ?